ಟೀನೇಜ್ ಸೂಪರ್‌ಹೀರೋ ಗೇಮ್ ಆನ್‌ಲೈನಲ್ಲಿ ಆಡ್ಸೋದು ಹೇಗೆ: ವಿಲನ್ ಆಮೇಲೆ, ಮೊದ್ಲು ಅಮ್ಮನ್ನ ರೆಡಿ ಮಾಡಿ

ಮೊದಲನೇ ಸಲ ಸೂಪರ್‌ಹೀರೋ ರೋಲ್‌ಪ್ಲೇಯಿಂಗ್ ಗೇಮ್ ಆಡ್ಸೋಕೆ ಕೂತಾಗ ನಾನು 40 ಪುಟ ಬರ್ಕೊಂಡಿದ್ದೆ ಕಣ್ರಿ. ವಿಲನ್‌ದು ಒಂದು ಸೀಕ್ರೆಟ್ ಗ್ಯಾಂಗು, ಅದರ ಹಿಸ್ಟರಿ, ನೆಲದಡಿ ಲ್ಯಾಬು, ಲ್ಯಾಬಿನ ಮ್ಯಾಪು, ಯಾವ ರೂಮಲ್ಲಿ ಯಾವ ರೋಬೋಟು, ಎಲ್ಲಾ. ಎರಡನೇ ಸೆಷನ್ನಲ್ಲಿ ಒಬ್ಳು ಪ್ಲೇಯರು "ಇವತ್ತು ನಾನು ಮನೆಗೆ ಹೋಗೋಷ್ಟರಲ್ಲಿ ರಾತ್ರಿ ಹನ್ನೊಂದು ಆಗಿರತ್ತಲ್ಲ, ನಮ್ಮಮ್ಮ ಏನಂತಾರೆ?" ಅಂದ್ಲು. ನನ್ ಹತ್ರ ಅಮ್ಮನೇ ಇರ್ಲಿಲ್ಲ. 40 ಪುಟದಲ್ಲಿ ಒಬ್ಬ ಅಮ್ಮ ಇಲ್ಲ! ಬಾಯಿಗೆ ಬಂದಿದ್ದು ಹೇಳ್ದೆ, "ಸಾರು ಆರಿದೆ, ಬೇಕಾದ್ರೆ ಬಿಸಿ ಮಾಡ್ಕೋ, ನಂಗೆ ನಿದ್ದೆ ಬರ್ತಿದೆ" ಅಂತ. ಆ ಒಂದು ಸಾಲಿನ ಮೇಲೆ ಮುಕ್ಕಾಲು ಗಂಟೆ ಆಟ ನಡೀತು, ಅಮ್ಮ ಮಗಳು ಜಗಳ, ಮಗಳು ಟೆರೇಸಿಗೆ ಹೋಗಿ ಅತ್ತಿದ್ದು, ಇನ್ನೊಬ್ಬ ಹೀರೋ ಹಾರ್ಕೊಂಡು ಬಂದು ಪಕ್ಕದಲ್ಲಿ ಕೂತಿದ್ದು. ಲ್ಯಾಬಿಗೆ ಯಾರೂ ಹೋಗ್ಲೇ ಇಲ್ಲ. ಆ ಮ್ಯಾಪು ಇವತ್ತಿಗೂ ನನ್ನ ಡ್ರೈವಲ್ಲಿ ಹಂಗೇ ಬಿದ್ದಿದೆ.

ಅದಕ್ಕೇ ಈ ಗೈಡಲ್ಲಿ ವಿಲನ್ ಕೊನೇಲಿ ಬರ್ತಾನೆ.

ರೋಲ್‌ಪ್ಲೇಯಿಂಗ್ ಗೇಮ್ ಅಂದ್ರೆ ಗೊತ್ತಿಲ್ದೇ ಇರೋರಿಗೆ ಎರಡೇ ಮಾತು: ನಾಲ್ಕೈದು ಜನ ಒಂದು ವಾಯ್ಸ್ ಕಾಲಲ್ಲಿ ಸೇರ್ತೀರ, ಒಬ್ರು ಜಿಎಂ, ಅಂದ್ರೆ ಊರು, ಜನ, ವಿಲನ್ನು ಎಲ್ಲಾ ಅವರ ಬಾಯಲ್ಲಿ, ಉಳಿದೋರಿಗೆ ಒಬ್ಬೊಬ್ರಿಗೆ ಒಂದೊಂದು ಪಾತ್ರ, ಏನಾಗತ್ತೋ ಡೌಟ್ ಇದ್ದಾಗ ದಾಳ ಹಾಕೋದು. ಸ್ಕ್ರಿಪ್ಟ್ ಇಲ್ಲದ ನಾಟಕ ಅನ್ಕೊಳ್ಳಿ, ಪ್ರೇಕ್ಷಕರೂ ನೀವೇ.

ಯಾವ ಸಿಸ್ಟಮ್

ಟೀನೇಜ್ ಹೀರೋಗಳ ಕಥೆಗೆ ನನ್ನ ಓಟು ಮಾಸ್ಕ್ಸ್ ಅನ್ನೋ ಗೇಮಿಗೆ. ಬ್ರೆಂಡನ್ ಕಾನ್ವೇ ಮಾಡಿದ್ದು, ಮ್ಯಾಗ್ಪೈ ಗೇಮ್ಸ್ ಅವರು 2016ರಲ್ಲಿ ತಂದಿದ್ದು. ಮ್ಯೂಟೆಂಟ್ಸ್ ಅಂಡ್ ಮಾಸ್ಟರ್‌ಮೈಂಡ್ಸ್ ಅಂತ ಇನ್ನೊಂದಿದೆ, 2002ರಿಂದ ಇದೆ, ಅದ್ರಲ್ಲಿ ಪವರ್‌ಗಳನ್ನ ಪಾಯಿಂಟು ಕೊಟ್ಟು ಒಂದೊಂದಾಗಿ ಕಟ್ಕೋಬೇಕು, ಎಷ್ಟು ಟನ್ ಎತ್ತಬಹುದು ಎಷ್ಟು ಸ್ಪೀಡಲ್ಲಿ ಹಾರಬಹುದು ಅನ್ನೋ ಲೆಕ್ಕ ಇಷ್ಟ ಪಡೋರಿಗೆ ಅದು ಹಬ್ಬ. ಆದ್ರೆ ಪಾತ್ರ ಮಾಡ್ಕೊಳ್ಳೋಕೇ ಒಂದು ಸಂಜೆ ಹೋಗತ್ತೆ, ಅದೂ ಆನ್‌ಲೈನಲ್ಲಿ, ಎಲ್ಲರೂ ಒಂದೇ ಪಿಡಿಎಫ್ ನೋಡ್ತಾ "ಯಾವ ಪೇಜು, ಯಾವ ಪೇಜು" ಅಂತಾ.

ಮಾಸ್ಕ್ಸ್‌ನಲ್ಲಿ ನೀವೆಷ್ಟು ಬಲಶಾಲಿ ಅನ್ನೋದಕ್ಕೆ ನಂಬರೇ ಇಲ್ಲ. ಇರೋದು ಐದು ಲೇಬಲ್: ಡೇಂಜರ್, ಫ್ರೀಕ್, ಸೇವಿಯರ್, ಸುಪೀರಿಯರ್, ಮಂಡೇನ್. ನಮ್ ಗ್ರೂಪಲ್ಲಿ ಇವನ್ನ ಕನ್ನಡಕ್ಕೆ ತಂದ್ಕೊಂಡ್ವಿ, ಡೇಂಜರ್ ಹಂಗೇ ಇರ್ಲಿ, ಆಮೇಲೆ ವಿಚಿತ್ರ, ಕಾಪಾಡೋನು, ಜಾಣ, ಮಾಮೂಲಿ. ಇವು ನಿಮ್ಮ ಶಕ್ತಿ ಅಲ್ಲ, ನಿಮ್ಮನ್ನ ನೀವು ಏನಂತ ಅನ್ಕೊಂಡಿದೀರಿ ಅನ್ನೋದು. ಮೈನಸ್ 2ರಿಂದ ಪ್ಲಸ್ 3ರವರೆಗೆ. ಎರಡು ದಾಳ ಹಾಕಿ ಲೇಬಲ್ ಸೇರ್ಸಿದ್ರೆ 10 ಅಥವಾ ಮೇಲೆ ಬಂದ್ರೆ ಅಂದ್ಕೊಂಡಿದ್ದು ಆಯ್ತು, 7ರಿಂದ 9 ಆದ್ರೆ ಆಯ್ತು ಆದ್ರೆ ಏನೋ ಒಂದು ಕೈ ಕೊಡ್ತು, 6 ಅಥವಾ ಕೆಳಗೆ ಆದ್ರೆ ಜಿಎಂ ಕೈಗೆ ಸಿಕ್ಕಿಬಿದ್ರಿ. ಲೇಬಲ್ ಸೊನ್ನೆ ಇದ್ರೆ 36ರಲ್ಲಿ 15 ಸಲ ಫೇಲು, ಪ್ಲಸ್ 2 ಇದ್ರೆ 36ರಲ್ಲಿ 6 ಸಲ ಮಾತ್ರ. ಎರಡೇ ಎರಡು ಪಾಯಿಂಟು, ಆದ್ರೆ ಕಥೆಯ ದಿಕ್ಕೇ ಬದಲಾಗೋಷ್ಟು ವ್ಯತ್ಯಾಸ.

ಈ ಗೇಮಿನ ಮಜಾ ಇರೋದೇ ಲೇಬಲ್ ಓಡಾಡೋದ್ರಲ್ಲಿ. ನಿಮ್ಮ ಮೇಲೆ ಇನ್‌ಫ್ಲುಯೆನ್ಸ್ ಇರೋ ಯಾರಾದ್ರೂ ನೀನು ಇಂಥೋನು ಅಂತ ಹೇಳಿದ್ರೆ ಒಂದು ಲೇಬಲ್ ಏರತ್ತೆ, ಇನ್ನೊಂದು ಇಳಿಯತ್ತೆ. ಬೇಡ ಅಂತ ತಳ್ಳಿಹಾಕ್ಬಹುದು, ಆದ್ರೆ ಅದಕ್ಕೂ ದಾಳ ಹಾಕ್ಬೇಕು. ಮತ್ತೆ ರೂಲ್ ಪ್ರಕಾರ ದೊಡ್ಡೋರೆಲ್ಲರಿಗೂ ಶುರುವಿಂದ್ಲೇ ನಿಮ್ಮ ಮೇಲೆ ಇನ್‌ಫ್ಲುಯೆನ್ಸ್ ಇರತ್ತೆ. ಎಲ್ಲರಿಗೂ! ಅಮೆರಿಕಾದೋರು ಬರೆದ ರೂಲು, ಆದ್ರೆ ಓದ್ದಾಗ ನಂಗೆ ನಮ್ಮನೆ ಮದುವೆಗಳಲ್ಲಿ "ಏನ್ ಓದ್ತಿದೀಯಪ್ಪಾ ಈಗ" ಅಂತ ಕೇಳೋ ದೂರದ ಚಿಕ್ಕಪ್ಪಂದಿರೇ ಕಣ್ಮುಂದೆ ಬಂದ್ರು.

ಒಂದು ಉದಾಹರಣೆ ಕೊಡ್ತೀನಿ, ನಮ್ಮ ಆಟದ್ದೇ. ಒಬ್ಳ ಪಾತ್ರ ಸೆಕೆಂಡ್ ಪಿಯು ಸೈನ್ಸ್, ಕೈಯಿಂದ ಕರೆಂಟ್ ಬರತ್ತೆ, ಹೀರೋ ಹೆಸರು ಮಿಣುಕು. ಟ್ಯೂಷನ್ ಮೇಷ್ಟ್ರು ಟೆಸ್ಟ್ ಪೇಪರ್ ವಾಪಸ್ ಕೊಡ್ತಾ, ಬೈಯ್ದೇ ಇಲ್ಲ, ಪ್ರೀತಿಯಿಂದ್ಲೇ ಹೇಳಿದ್ರು, "ಬೇಜಾರ್ ಮಾಡ್ಕೋಬೇಡಮ್ಮ, ಎಲ್ಲರೂ ನಿಮ್ಮಕ್ಕನ ಥರ ಇರೋಕಾಗಲ್ಲ, ಬಿಎಸ್ಸಿ ಮಾಡು, ಆರಾಮಾಗಿರ್ತೀಯ." ಜಾಣ ಸೊನ್ನೆ ಇದ್ದಿದ್ದು ಮೈನಸ್ 1 ಆಯ್ತು, ಮಾಮೂಲಿ 1 ಇದ್ದಿದ್ದು 2 ಆಯ್ತು. ಅದೇ ರಾತ್ರಿ ಫೈಟಲ್ಲಿ ಅವಳು ಪರಿಸ್ಥಿತಿ ಅಳೆಯೋಕೆ ಹೋದ್ಲು, ಅದು ಜಾಣ ಮೇಲೆ ಹಾಕೋ ದಾಳ, 7 ಬಂತು, ಒಂದು ಕಳೆದ್ರೆ 6, ಫೇಲು. ಯಾವ ವಿಲನ್ನೂ ಏನೂ ಮಾಡಿಲ್ಲ, ಮೇಷ್ಟ್ರು ಮಾಡಿದ್ದು! ಆದ್ರೆ ಫೈಟ್ ಮುಗಿದ್ಮೇಲೆ ಟೀಮಲ್ಲಿದ್ದ ಇನ್ನೊಬ್ಬನ್ನ ಸಮಾಧಾನ ಮಾಡೋಕೆ ಕೂತಾಗ ದಾಳ ಮಾಮೂಲಿ ಮೇಲೆ, ಪ್ಲಸ್ 2, ಅವತ್ತು ಅವಳಷ್ಟು ಚೆನ್ನಾಗಿ ಯಾರೂ ಮಾತಾಡ್ಲಿಲ್ಲ. ಇದನ್ನೆಲ್ಲ ನಾನು ಪ್ಲಾನ್ ಮಾಡಿರ್ಲಿಲ್ಲ. ನಾನು ಬರ್ಕೊಂಡಿದ್ದು ಇಷ್ಟೇ: "ಟ್ಯೂಷನ್ ಮೇಷ್ಟ್ರು, ಒಳ್ಳೇ ಮನುಷ್ಯ, ಇವಳು ಕಷ್ಟ ಪಡೋದು ಬೇಡ ಅನ್ನೋ ಆಸೆ."

ದೊಡ್ಡೋರ ಪಟ್ಟಿ

ಈಗ ನಿಜವಾದ ಪ್ಲಾನಿಂಗ್. ಪ್ರತಿ ಪಾತ್ರಕ್ಕೂ ಇಬ್ರು ದೊಡ್ಡೋರನ್ನ ಬರ್ಕೊಳ್ಳಿ, ಒಬ್ರು ಮನೇಲಿ, ಒಬ್ರು ಹೊರಗೆ. ಒಬ್ಬೊಬ್ರಿಗೆ ಒಂದೇ ವಾಕ್ಯ, ಈ ಹುಡುಗ ಏನಾಗ್ಬೇಕು ಅಂತ ಅವರಿಗೆ ಆಸೆ ಅನ್ನೋದು ಆ ವಾಕ್ಯದಲ್ಲಿರಬೇಕು, ಮತ್ತೆ ಇಬ್ಬರ ಆಸೇನೂ ಒಂದಕ್ಕೊಂದು ಹೊಂದ್ಬಾರ್ದು. ಅಪ್ಪನಿಗೆ ಮಗ ಅಂಗಡೀಲಿ ಕೂರ್ಬೇಕು, ಎನ್‌ಸಿಸಿ ಆಫೀಸರಿಗೆ ಅವನು ಆರ್ಮಿಗೆ ಹೋಗ್ಬೇಕು, ಅವನೋ ರಾತ್ರಿ ಹೊತ್ತು ಮುಖಕ್ಕೆ ಮಫ್ಲರ್ ಸುತ್ಕೊಂಡು ಗೋಡೆ ಹತ್ತುತಿರ್ತಾನೆ. ನಾಲ್ಕು ಪ್ಲೇಯರ್ ಇದ್ರೆ ಎಂಟು ದೊಡ್ಡೋರು, ಅಷ್ಟೂ ಅರ್ಧ ಪುಟ. ಇದ್ರ ಮೇಲೆ ಐದಾರು ಸೆಷನ್ ಆರಾಮಾಗಿ ಓಡತ್ತೆ.

ಒಂದು ಎಚ್ಚರಿಕೆ: ಎಲ್ಲಾ ದೊಡ್ಡೋರನ್ನೂ ಕೆಟ್ಟೋರು ಮಾಡ್ಬೇಡಿ. ಬರೀ ಬೈಯೋ ಅಪ್ಪನ್ನ ಪ್ಲೇಯರ್ ಎರಡು ಸೆಷನ್ನಲ್ಲಿ ಕಿವಿಗೆ ಹಾಕ್ಕೊಳ್ಳೋದು ಬಿಟ್ಬಿಡ್ತಾರೆ. ಪ್ರೀತಿ ಮಾಡ್ತಾ ತಪ್ಪು ಅರ್ಥ ಮಾಡ್ಕೊಳ್ಳೋ ಅಜ್ಜಿ ಇದ್ದಾರಲ್ಲ, ಅವರನ್ನ ತಳ್ಳಿಹಾಕೋಕೆ ಯಾರಿಗೂ ಕೈ ಬರಲ್ಲ.

ಪಾತ್ರದ ಪ್ಲೇಬುಕ್‌ಗಳು, ಅಂದ್ರೆ ಆರಿಸ್ಕೊಳ್ಳೋಕೆ ರೆಡಿ ಇರೋ ಪಾತ್ರದ ಅಚ್ಚುಗಳು, ಮೂಲ ಪುಸ್ತಕದಲ್ಲಿ ಹತ್ತಿವೆ. ಮೊದಲ ಸಲ ಆಡೋರಿಗೆ ನಾನು ಹೇಳೋದು ಲೆಗಸಿ, ಅಂದ್ರೆ ಹೀರೋಗಳ ವಂಶದಲ್ಲಿ ಹುಟ್ಟಿದೋರು, ಜೇನಸ್, ಅಂದ್ರೆ ಮುಖವಾಡ ಒಂದು ಬದುಕು ಮನೆ ಒಂದು ಬದುಕು, ಆಮೇಲೆ ಬೀಕನ್, ದೊಡ್ಡ ಪವರ್ ಏನೂ ಇಲ್ದೇ ಬರೀ ಹುಮ್ಮಸ್ಸಿಂದ ಟೀಮಿಗೆ ಬಂದೋರು. ಡೂಮ್ಡ್ ಅಂತ ಒಂದಿದೆ, ಆ ಪಾತ್ರದ ಅಂತ್ಯ ಹತ್ರ ಬರ್ತಾನೇ ಇರತ್ತೆ, ಚೆನ್ನಾಗಿರತ್ತೆ, ಆದ್ರೆ ಆ ಪ್ಲೇಯರ್ ಪ್ರತಿ ವಾರ ಬರ್ತಾರೆ ಅನ್ನೋ ಗ್ಯಾರಂಟಿ ಇದ್ರೆ ಮಾತ್ರ ಕೊಡಿ, ಡೂಮು ಬರೋ ದಿನ ಅವರು ಕಸಿನ್ ರಿಸೆಪ್ಶನ್‌ಗೆ ಹೋಗಿದ್ರೆ ಏನ್ ಮಾಡ್ತೀರಿ. ಎಲ್ಲಾ ಪ್ಲೇಬುಕ್ಕಲ್ಲೂ ಟೀಮ್ ಮೊದಲ ಸಲ ಸೇರಿದಾಗ ಏನಾಯ್ತು ಅನ್ನೋದರ ಬಗ್ಗೆ ಒಂದೊಂದು ಪ್ರಶ್ನೆ ಇರತ್ತೆ, ಅದನ್ನ ಸ್ಕಿಪ್ ಮಾಡ್ಬೇಡಿ. ಎಲ್ಲರೂ ಒಟ್ಟಿಗೆ ಕಾಲಲ್ಲಿದ್ದಾಗ ಉತ್ತರ ಹೇಳ್ಕೊಂಡು ಹೋಗಿ, ಅರ್ಧ ಗಂಟೇಲಿ ಒಂದು ಪೂರ್ತಿ ಹಳೇ ಕಥೆ ತಾನಾಗೇ ಹುಟ್ಕೊಳತ್ತೆ, ನೀವು ಸುಮ್ನೆ ನೋಟ್ಸ್ ಮಾಡ್ಕೊಳ್ಳಿ.

ಊರು

ಪುಸ್ತಕದಲ್ಲಿ ಹ್ಯಾಲ್ಸಿಯನ್ ಸಿಟಿ ಅಂತ ಒಂದು ಕಾಲ್ಪನಿಕ ಅಮೆರಿಕನ್ ಊರು ಕೊಟ್ಟಿದಾರೆ, ಹೀರೋಗಳ ಹಲವು ತಲೆಮಾರು ಆಗಿಹೋದ ಊರು, ಅದು ಒಳ್ಳೇ ಐಡಿಯಾನೇ. ನಾವು ಮೂರು ಸೆಷನ್ ಅಲ್ಲೇ ಆಡಿದ್ವಿ. ಆದ್ರೆ ಯಾರಿಗೂ ಅಲ್ಲಿನ ಹೈಸ್ಕೂಲ್ ಕೆಫೆಟೇರಿಯಾ ಹೆಂಗಿರತ್ತೆ ಗೊತ್ತಿಲ್ಲ, ಎಲ್ಲಾ ಸಿನಿಮಾ ನೋಡಿ ಕಲ್ತಿದ್ದು, ಮಾತೂ ಹಂಗೇ ಡಬ್ಬಿಂಗ್ ಥರ ಬರ್ತಿತ್ತು. ಆಮೇಲೆ ಮೈಸೂರಿಗೆ ಶಿಫ್ಟ್ ಮಾಡಿದ್ವಿ, ನಮ್ಮಲ್ಲಿ ಮೂರು ಜನ ಅಲ್ಲಿ ಓದಿದೋರು. ತಕ್ಷಣ ಎಲ್ಲರ ಬಾಯೂ ಬಿಟ್ಕೊಳ್ತು. ದೇವರಾಜ ಮಾರ್ಕೆಟ್ ಒಳಗೆ ಚೇಸ್ ಆದ್ರೆ ಹೂವಿನ ಸಾಲು ಯಾವ ಕಡೆ, ಬಾಳೆಹಣ್ಣಿನ ಸಾಲು ಯಾವ ಕಡೆ ಅಂತ ಪ್ಲೇಯರ್‌ಗಳೇ ನಂಗೆ ಹೇಳ್ಕೊಡ್ತಾರೆ. ಚಾಮುಂಡಿ ಬೆಟ್ಟದ ಮೆಟ್ಲು ಸಾವಿರಕ್ಕೂ ಮೇಲಿವೆ, ನಂದಿ ಹತ್ರ ಬರೋಷ್ಟರಲ್ಲಿ ಹಾರೋ ಪವರ್ ಇಲ್ದೇ ಇರೋ ಹೀರೋಗೆ ಏದುಸಿರು, ಹಾರೋನು ಮೇಲೆ ನಿಂತ್ಕೊಂಡು "ಬೇಗ ಬನ್ರೋ" ಅಂತಿರ್ತಾನೆ.

ಇಲ್ಲಿ ಆಡಿದ್ಮೇಲೇ ಗೊತ್ತಾಗಿದ್ದು ಏನಂದ್ರೆ ನಮ್ಮೂರುಗಳಲ್ಲಿ ಸೀಕ್ರೆಟ್ ಐಡೆಂಟಿಟಿ ಅನ್ನೋದು ಅಮೆರಿಕನ್ ಕಾಮಿಕ್ಸಿಗಿಂತ ಹತ್ತು ಪಟ್ಟು ಕಷ್ಟ. ಅಲ್ಲಿ ಒಂದು ಕನ್ನಡಕ ತೆಗೆದ್ರೆ ಯಾರಿಗೂ ಗುರ್ತು ಸಿಗಲ್ಲ. ಇಲ್ಲಿ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಬೆಳಗ್ಗೆ ಫೈಟ್ ಮಾಡಿ, ವಾಕಿಂಗಿಗೆ ಬಂದ ಯಾರೋ ಅಂಕಲ್ ದೂರದಿಂದ್ಲೇ "ಏಯ್, ನೀನು ಸರಸ್ವತಿಪುರಂ ಪೋಸ್ಟ್‌ಮಾಸ್ಟರ್ ಮೊಮ್ಮಗ ಅಲ್ವೇನೋ?" ಅಂತಾರೆ, ಮುಖ ನೋಡಿ ಅಲ್ಲ, ನಡಿಗೆ ನೋಡಿ. ಮನೆಗೆ ಹೋಗೋಕ್ ಮುಂಚೆ ಫೋನ್ ಹೋಗಿರತ್ತೆ. ಇದನ್ನ ಚೆನ್ನಾಗಿ ಬಳಸ್ಕೊಳ್ಳಿ, ಮಾಸ್ಕ್ ಹಾಕಿದ ಟೀನೇಜರಿಗೆ ನೂರು ರೋಬೋಟ್‌ಗಿಂತ ಪಕ್ಕದ್ಮನೆ ಆಂಟಿ ಭಯ ಜಾಸ್ತಿ.

ಊರಿನ ಕ್ಯಾಲೆಂಡರ್ ಕೂಡ ಬಳಸ್ಕೊಳ್ಳಿ. ಪಿಯು ಪರೀಕ್ಷೆ, ಸಿಇಟಿ, ದಸರಾ, ಕಾಲೇಜ್ ಡೇ. ನಮ್ಮ ಸೀಸನ್ನಿನ ಮಧ್ಯದ ದೊಡ್ಡ ಸೆಷನ್ ಜಂಬೂಸವಾರಿ ದಿನ. ಅರಮನೆಯಿಂದ ಬನ್ನಿಮಂಟಪದವರೆಗೆ ದಾರಿ ಉದ್ದಕ್ಕೂ ಜನ, 750 ಕೆಜಿ ಅಂಬಾರಿ ಹೊತ್ತ ಆನೆ, ಮಿಣುಕು ಕೈಯಿಂದ ಒಂದು ಕಿಡಿ ಹಾರಿದ್ರೂ ಆನೆ ಬೆದರತ್ತೆ. ಅಂದ್ರೆ ಪವರ್ ಇದೆ ಆದ್ರೆ ಬಳಸೋ ಹಂಗಿಲ್ಲ. ಅವತ್ತು ಎರಡೂವರೆ ಗಂಟೇಲಿ ಒಂದೇ ಒಂದು ಏಟೂ ಬೀಳ್ಲಿಲ್ಲ, ಆದ್ರೆ ನಾವು ಆಡಿದ್ರಲ್ಲಿ ಅದೇ ಬೆಸ್ಟ್ ಸೆಷನ್.

ವಿಲನ್

ಈಗ ಬಂದ್ರು ನೋಡಿ ವಿಲನ್. ಅವರಿಗೂ ಅರ್ಧ ಪುಟ ಸಾಕು. ಮಾಸ್ಕ್ಸಲ್ಲಿ ಹೀರೋಗಳಿಗೆ ಏಟು ಬಿದ್ರೆ ರಕ್ತ ಇಳಿಯಲ್ಲ, ಬದಲಿಗೆ ಐದು ಕಂಡಿಷನ್, ಅಂದ್ರೆ ಮನಸ್ಸಿನ ಸ್ಥಿತಿ: ಭಯ, ಕೋಪ, ಪಾಪಪ್ರಜ್ಞೆ, ಹತಾಶೆ, ಕೀಳರಿಮೆ. ವಿಲನ್ನಿಗೂ ಅವೇ, ಸಣ್ಣ ವಿಲನ್‌ಗೆ ಒಂದೋ ಎರಡೋ, ದೊಡ್ಡ ವಿಲನ್‌ಗೆ ಐದೂ ಇರಬಹುದು. ಹಂಗಾಗಿ ವಿಲನ್‌ನ ಪ್ಲಾನ್ ಮಾಡೋವಾಗ ಅವನ ಆಯುಧ ಅಲ್ಲ, ಅವನಿಗೆ ಯಾವ ಮಾತು ಚುಚ್ಚತ್ತೆ ಅನ್ನೋದನ್ನ ಬರ್ಕೊಳ್ಳಿ. ನಮ್ಮ ವಿಲನ್ ಒಬ್ಬ ರಿಟೈರ್ಡ್ ಹೀರೋ, ಪವರ್ ಇರೋ ಮಕ್ಕಳಿಗೆ ಹಾಸ್ಟೆಲ್ ಸಮೇತ ಕೋಚಿಂಗ್ ಸೆಂಟರ್ ತೆಗೆದೋರು, ಬೆಳಗ್ಗೆ ನಾಲ್ಕೂವರೆಗೆ ಎದ್ದೇಳ್ಬೇಕು, ಫೋನ್ ಇಲ್ಲ, ವಾರಕ್ಕೊಂದು ರ‍್ಯಾಂಕ್ ಲಿಸ್ಟು. ಅಪ್ಪ ಅಮ್ಮಂದಿರು ಕ್ಯೂ ನಿಂತಿದಾರೆ ಸೇರಿಸೋಕೆ! ಹೀರೋಗಳು ಅವರನ್ನ ಹೊಡೆದು ಹಾಕೋಕೆ ಆಗಲ್ಲ, ಯಾಕಂದ್ರೆ ಹೀರೋಗಳ ಮನೆಯವರೇ ಫೀಸ್ ಕಟ್ಟಿ ಬಂದಿದಾರೆ. ನೋಡಿದ್ರಾ, ದೊಡ್ಡೋರ ಪಟ್ಟಿ ಮೊದಲೇ ಮಾಡಿದ್ದಕ್ಕೆ ವಿಲನ್ ಹತ್ತು ನಿಮಿಷದಲ್ಲಿ ಸಿಕ್ಕಿದ್ರು.

ಇನ್ನೊಂದು ಅನುಕೂಲ, ಈ ಸಿಸ್ಟಮಲ್ಲಿ ಜಿಎಂ ದಾಳ ಹಾಕೋದೇ ಇಲ್ಲ, ಎಲ್ಲಾ ಪ್ಲೇಯರ್‌ಗಳದ್ದೇ. ನಿಮ್ಗೆ ತಲೆನೋವು ಕಮ್ಮಿ.

ಸೆಷನ್ ಜೀರೋ

ಆಟ ಶುರು ಮಾಡೋಕ್ ಮುಂಚೆ ಒಂದು ದಿನ ಬರೀ ಮಾತು. ಇದನ್ನ ತಪ್ಪಿಸ್ಬೇಡಿ, ಅದ್ರಲ್ಲೂ ಪಾತ್ರಗಳು 16, 17 ವರ್ಷದೋರು ಇರೋವಾಗ. ಆಡೋ ನಾವೆಲ್ಲ ಮೂವತ್ತು ದಾಟಿದೋರು, ಪಾತ್ರಗಳು ಮಕ್ಕಳು, ಅದನ್ನ ಮರೀಬಾರ್ದು. ನಮ್ಮಲ್ಲಿ ರೂಲ್ ಸಿಂಪಲ್: ಕ್ರಶ್ಶು, ಚೀಟಿ, ಬಸ್ ಸ್ಟಾಪಲ್ಲಿ ನಾಚ್ಕೊಂಡು ನಿಲ್ಲೋದು, ಅಷ್ಟೇ, ಅದರಾಚೆ ಏನೂ ಇಲ್ಲ, ಚರ್ಚೆನೂ ಇಲ್ಲ. ಉಳಿದಿದ್ದಕ್ಕೆ ಎರಡು ಪಟ್ಟಿ ಮಾಡಿ. ಆಟದಲ್ಲಿ ಬರ್ಲೇಬಾರ್ದು ಅನ್ನೋದು ಒಂದು, ಬರ್ಲಿ ಆದ್ರೆ ವಿವರ ಬೇಡ ಪರದೆ ಎಳೆದು ಮುಂದೆ ಹೋಗಿ ಅನ್ನೋದು ಇನ್ನೊಂದು. ನಮ್ ಮೊದಲ ಪಟ್ಟೀಲಿ ಪರೀಕ್ಷೆ ಫೇಲಾಗಿ ಜೀವ ತೆಗೆದುಕೊಳ್ಳೋದು ಇದೆ, ಒಬ್ರು ಕೇಳಿದ್ರು, ಯಾಕೆ ಅಂತ ಯಾರೂ ಕೇಳ್ಲಿಲ್ಲ, ಕೇಳ್ಬಾರ್ದು ಕೂಡ. ಪಟ್ಟಿನ ಎಲ್ಲರೂ ನನಗೆ ಪರ್ಸನಲ್ ಮೆಸೇಜಲ್ಲಿ ಕಳ್ಸ್ತಾರೆ, ನಾನು ಹೆಸರಿಲ್ದೇ ಒಟ್ಟು ಮಾಡಿ ಹಾಕ್ತೀನಿ.

ಟೇಬಲ್ ಸುತ್ತ ಕೂತು ಆಡೋವಾಗ ಎಕ್ಸ್ ಕಾರ್ಡ್ ಅಂತ ಒಂದಿರತ್ತೆ, ಎಕ್ಸ್ ಬರೆದ ಚೀಟಿ ಮಧ್ಯದಲ್ಲಿ ಇಟ್ಟಿರ್ತಾರೆ, ಯಾರಾದ್ರೂ ಮುಟ್ಟಿದ್ರೆ ಆ ವಿಷಯ ಅಲ್ಲಿಗೇ ಕಟ್. ಆನ್‌ಲೈನಲ್ಲಿ ಚಾಟಲ್ಲಿ ಒಂದು ಎಕ್ಸ್ ಟೈಪ್ ಮಾಡಿದ್ರೆ ಸಾಕು. ವಾಯ್ಸಲ್ಲಿ ಮುಖ ಕಾಣಲ್ಲ ಅಲ್ವಾ, ಒಬ್ರು ಸುಮ್ನಾದ್ರೆ ನೆಟ್ ಹೋಯ್ತಾ, ಮನಸ್ಸಿಗೆ ಬೇಜಾರಾಯ್ತಾ, ಕುಕ್ಕರ್ ನೋಡೋಕೆ ಎದ್ದು ಹೋದ್ರಾ ಗೊತ್ತಾಗಲ್ಲ. ಅದಕ್ಕೇ ನಡುನಡುವೆ ಹೆಸರು ಹಿಡಿದು ಕೇಳ್ತಿರಿ.

ಟೂಲ್ಸು, ಟೈಮು, ಕರೆಂಟು

ಡಿಸ್ಕಾರ್ಡ್ ಸಾಕು, ಗ್ರೂಪಾಗಿ ವಾಯ್ಸ್ ಕಾಲು, ಚಾಟು ಮಾಡೋ ಆ್ಯಪು. ರೋಲ್20 ಥರದ್ದು ಮ್ಯಾಪ್ ಮೇಲೆ ಗೊಂಬೆ ಸರ್ಸೋ ಆಟಗಳಿಗೆ ಚೆನ್ನಾಗಿದೆ, ಇಲ್ಲಿ ಮ್ಯಾಪೇ ಬೇಕಾಗಲ್ಲ. ಒಂದು ವಾಯ್ಸ್ ಚಾನೆಲ್ಲು, ಒಂದು ದಾಳಕ್ಕೆ, ಒಂದು ಹರಟೆಗೆ, ಒಂದು ಹಿಂದಿನ ವಾರ ಏನಾಯ್ತು ಅನ್ನೋದಕ್ಕೆ. ಅಷ್ಟೇ. ನಾನು ಶುರುವಿಗೆ ಹದಿನಾರು ಚಾನೆಲ್ ಮಾಡಿ, ಹದಿಮೂರು ಖಾಲಿ ಹೊಡೀತಿತ್ತು, ಮದುವೆ ಮುಗಿದ ಛತ್ರದ ಥರ. ಪಾತ್ರದ ಶೀಟ್ ಒಂದು ಶೇರ್ ಮಾಡಿದ ಸ್ಪ್ರೆಡ್‌ಶೀಟಲ್ಲಿ ಇಡಿ, ಲೇಬಲ್ ಬದಲಾದಾಗ ಎಲ್ಲರಿಗೂ ಕಾಣ್ಬೇಕು, ಯಾರದ್ದೋ ಜಾಣ ಕಾಲಂ ಕೆಂಪಾಗೋದನ್ನ ಉಳಿದೋರು ನೋಡಿ "ಅಯ್ಯೋ" ಅನ್ನೋದೇ ಒಂದು ಮಜಾ.

ಮೈಕು: ಇಯರ್‌ಫೋನ್ ಕಡ್ಡಾಯ, ಮಾತಾಡೋವಾಗ ಬಟನ್ ಒತ್ತೋ ಸೆಟ್ಟಿಂಗ್ ಹಾಕ್ಕೊಳ್ಳಿ, ಇಲ್ದಿದ್ರೆ ಸೀರಿಯಸ್ ಸೀನ್ ಮಧ್ಯೆ ಮಿಕ್ಸಿ ಶಬ್ದ. ಇಬ್ರು ಒಟ್ಟಿಗೆ ಮಾತಾಡಿದ್ರೆ ಇಬ್ರೂ ನಿಲ್ಲಿಸ್ತಾರೆ, ಆಮೇಲೆ "ನೀ ಹೇಳು, ಇಲ್ಲ ನೀ ಹೇಳು" ಅಂತ ಒಂದು ನಿಮಿಷ. ಇದಕ್ಕೆ ನಾನು ಒಂದು ಹಾಳೆ ಮೇಲೆ ಎಲ್ಲರ ಹೆಸರು ಬರೆದಿಟ್ಕೊಂಡು ಸೀನ್ ಸಿಕ್ಕೋರಿಗೆ ಗೆರೆ ಹಾಕ್ತೀನಿ, ಗೆರೆ ಕಮ್ಮಿ ಇರೋರನ್ನ ನಾನೇ ಕರೀತೀನಿ.

ಟೈಮ್ ವಿಷಯಕ್ಕೆ ಬನ್ನಿ, ಆಟ ಸಾಯೋದು ಇಲ್ಲೇ. ನಮ್ಮೊಬ್ಬ ಪ್ಲೇಯರ್ ಜರ್ಮನೀಲಿದಾನೆ, ನಾವು ಭಾನುವಾರ ರಾತ್ರಿ 8:30ಕ್ಕೆ ಆಡ್ತೀವಿ, ಬೇಸಿಗೇಲಿ ಅವನಿಗೆ ಸಂಜೆ 5. ಅಕ್ಟೋಬರ್ ಕೊನೇ ಭಾನುವಾರ ಅಲ್ಲಿ ಗಡಿಯಾರ ಒಂದು ಗಂಟೆ ಹಿಂದೆ ಹೋಗತ್ತೆ, ನಮ್ಮಲ್ಲಿ ಆ ಪದ್ಧತಿ ಇಲ್ಲ, ಅವನು ಅವನ 5ಕ್ಕೇ ಬಂದ, ಅಷ್ಟರಲ್ಲಿ ನಮಗೆ 9:30. ಒಂದು ಗಂಟೆ ನಾಲ್ಕು ಜನ ಕೂತು ಅವನ ಪಾತ್ರ ಕಿಡ್ನ್ಯಾಪ್ ಆಗಿದೆ ಅಂತ ಆಟ ಮುಂದುವರಿಸಿದ್ವಿ, ಅವನು ಬಂದು "ನಾನೆಲ್ಲಿದೀನಿ?" ಅಂದ್ರೆ ನಿಜವಾಗ್ಲೂ ಅವನಿಗೆ ಗೊತ್ತಿರ್ಲಿಲ್ಲ. ಆಮೇಲಿಂದ ಡಿಸ್ಕಾರ್ಡಲ್ಲಿ ಈವೆಂಟ್ ಹಾಕ್ತೀನಿ, ಅದು ಅವರವರ ಟೈಮಲ್ಲೇ ತೋರಿಸತ್ತೆ.

ಎರಡೂವರೆ ಗಂಟೆ ಮೇಲೆ ಎಳೀಬೇಡಿ, ಮಾರ್ನೇ ದಿನ ಸೋಮವಾರ. ಐದು ಜನ ಇದ್ರೆ ಮೂರು ಜನ ಬಂದ್ರೂ ಆಡ್ತೀವಿ ಅಂತ ಮೊದಲೇ ತೀರ್ಮಾನ ಮಾಡಿ, ಎಲ್ಲರೂ ಬರ್ಲಿ ಅಂತ ಕಾದ್ರೆ ತಿಂಗಳಿಗೊಂದೂ ಆಗಲ್ಲ. ಬರ್ದೇ ಇರೋ ಪಾತ್ರಕ್ಕೆ ಖಾಯಂ ನೆಪ ಇಟ್ಕೊಳ್ಳಿ, ನಮ್ಮಲ್ಲಿ "ಅವನಿಗೆ ಟ್ಯೂಷನ್ ಇದೆ" ಅನ್ನೋದು. ಕರೆಂಟ್ ಹೋದ್ರೆ ಮೊಬೈಲ್ ಹಾಟ್‌ಸ್ಪಾಟು, ಜಿಎಂದೇ ಹೋದ್ರೆ ಪ್ಲೇಯರ್‌ಗಳು ಪಾತ್ರದಲ್ಲೇ ಇದ್ಕೊಂಡು ಹರಟೆ ಹೊಡೀಲಿ ಅಂತ ರೂಲ್ ಮಾಡಿದೀನಿ. ಒಂದ್ಸಲ ಇಪ್ಪತ್ತು ನಿಮಿಷ ಆದ್ಮೇಲೆ ವಾಪಸ್ ಬಂದ್ರೆ ಅವರು ನಾನಿಲ್ದೇ ಟೀಮನ್ನ ಎರಡು ಹೋಳು ಮಾಡ್ಕೊಂಡು ಕೂತಿದ್ರು.

ಇಡೀ ಸೀಸನ್ನಿಗೆ ಎಂಟರಿಂದ ಹತ್ತು ಸೆಷನ್ ಇಟ್ಕೊಳ್ಳಿ, ಕೊನೇದು ಯಾವ ದಿನದ ಕಥೆ ಅಂತ ಮಾತ್ರ ಮೊದಲೇ ಗೊತ್ತಿರ್ಲಿ, ಏನಾಗತ್ತೆ ಅನ್ನೋದು ಬೇಡ. ನಾವು ಸೆಕೆಂಡ್ ಪಿಯು ರಿಸಲ್ಟ್ ದಿನ ಅಂತ ಇಟ್ಕೊಂಡಿದ್ವಿ. ಮಾರ್ಕ್ಸ್ ಎಷ್ಟು ಅಂತ ನಾನು ಬರೀಲಿಲ್ಲ, ದಾಳಕ್ಕೆ ಬಿಟ್ಟೆ, ಜಾಣ ಲೇಬಲ್ ಮೇಲೆ. ಮಿಣುಕು ಪಾಸು. ಇಡೀ ಊರು ಉಳ್ಸಿದ ಹುಡುಗ ಫಿಸಿಕ್ಸಲ್ಲಿ ಫೇಲು. ಕಾಲಲ್ಲಿ ಯಾರೂ ಮಾತಾಡ್ಲಿಲ್ಲ ಸ್ವಲ್ಪ ಹೊತ್ತು, ಆಮೇಲೆ ಆ ಪ್ಲೇಯರೇ "ನಮ್ಮಪ್ಪ ಏನಂದ್ರು ಹೇಳು" ಅಂದ. ಈಗ ಸಪ್ಲಿಮೆಂಟರಿ ಅನ್ನಲ್ಲ, ಪರೀಕ್ಷೆ-2 ಅಂತಾರೆ. ಎರಡನೇ ಸೀಸನ್ನಿನ ಮೊದಲ ಸೀನು ಆ ಹಾಲಲ್ಲೇ, ಹಿಂದಿನ ಬೆಂಚಲ್ಲಿ ವಿಲನ್‌ನ ಹಾಸ್ಟೆಲಿಂದ ಓಡಿ ಬಂದ ಹುಡುಗಿ ಒಬ್ಳು ಪೆನ್ ಕೇಳ್ತಾಳೆ, ಅಲ್ಲಿವರೆಗೂ ಬರ್ದಿದೀನಿ.